ವುಪ್ಪರ್ಟಾಲ್ ತೂಗುರೈಲು: ಫಿಲ್ಮ್‌ನಲ್ಲಿ ತೆಗೆಯೋಕೆ ಎಲ್ಲಿ ನಿಲ್ಲಲಿ?

ಪ್ರಶ್ನೆ: ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ನನಗೆ ಸಿಗೋದು ಒಂದೇ ಹಗಲು. 1901ರಿಂದ ಮೇಲಿನ ಹಳಿಗೆ ನೇತಾಡ್ಕೊಂಡು ಓಡ್ತಿರೋ ಆ ರೈಲನ್ನ ಫಿಲ್ಮ್‌ನಲ್ಲೇ ಹಿಡೀಬೇಕು ಅನ್ನೋ ಹಟ. ಹಳೇ ಮ್ಯಾನ್ಯುಯಲ್ ಕ್ಯಾಮೆರಾ, 50 ಎಂಎಂ ಲೆನ್ಸ್, 400 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಅನ್ನೋ ಅಳತೆ) ಕಪ್ಪು-ಬಿಳುಪು ರೋಲು.

ಉತ್ತರ: 13.3 ಕಿ.ಮೀ. ಹಾದಿಯಲ್ಲಿ ಸುಮಾರು 10 ಕಿ.ಮೀ. ವುಪ್ಪರ್ ನದಿಯ ಮೇಲೇ ಹೋಗುತ್ತೆ. ಎಲ್ಲರೂ ಅಲ್ಲೇ ಸೇತುವೆ ಮೇಲೆ ನಿಂತು ತೆಗೀತಾರೆ, ಚಿತ್ರಗಳೂ ಒಂದೇ ಥರ ಇರ್ತವೆ. ನನ್ನ ಕೇಳಿದ್ರೆ ಪಶ್ಚಿಮದ ತುದಿ ಫೋವಿಂಕೆಲ್‌ಗೆ ಹೋಗಿ. ಅಲ್ಲಿ ರೈಲು ರಸ್ತೆಯ ಮೇಲೆ, ಮನೆಗಳ ಕಿಟಕಿಗಳ ನಡುವೆ ಬರುತ್ತೆ. ಕೆಳಗೆ ಕಾರು, ಮೇಲೆ ರೈಲು! ಬೆಳಕು ಅಳೆಯೋ ಮೀಟರ್ ಮಾತ್ರ ನಂಬಬೇಡಿ. ಅದು ಆಕಾಶ ನೋಡಿ ಮೋಸ ಹೋಗುತ್ತೆ, ರೈಲಿನ ಹೊಟ್ಟೆ ಮಸಿ ಬಳಿದ ಹಾಗೆ ಬರುತ್ತೆ. ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಜಾಸ್ತಿ ಬೆಳಕು ಕೊಡಿ.

ಪ್ರಶ್ನೆ ಕೇಳಿದವರು: ಶಟರ್ ವೇಗ 1/250 ಸೆಕೆಂಡ್ ಸಾಕಾ?

ಉತ್ತರ: ಎದುರಿಗೆ ಬರುವಾಗ ಸಾಕು. ಅಡ್ಡ ಹಾಯುವಾಗ 1/500. ಅವಸರ ಬೇಡ, ಹಗಲಲ್ಲಿ ಕೆಲವೇ ನಿಮಿಷಕ್ಕೊಂದು ರೈಲು ಬರ್ತಾನೇ ಇರುತ್ತೆ.

ಇನ್ನೊಬ್ಬರು: ರೋಲುಗಳನ್ನ ವಿಮಾನದ ಚೆಕ್-ಇನ್ ಬ್ಯಾಗಿಗೆ ಹಾಕ್ಬೇಡಿ ಮಾರಾಯ್ರೆ, ಅಲ್ಲಿನ ಸ್ಕ್ಯಾನರ್‌ಗೆ ಫಿಲ್ಮ್ ಮಂಜಾಗುತ್ತೆ. ಕೈಲಿಟ್ಕೊಂಡು, ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಿ.