ಅಡಿಕೆ ತೋಟದ ಮೇಲೆ 400 ಮೀಟರಿಗೇ ಡ್ರೋನ್ ವಿಡಿಯೊ ಕಟ್ ಆಗ್ತಿದೆ, 4 ವಾಟ್ ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಸೂಳೆಕೆರೆ ಸೀಮೆ:

ಚನ್ನಗಿರಿ ತಾಲೂಕಿನ ಅಡಿಕೆ ತೋಟ. ಉದ್ದ ಸುಮಾರು 700 ಮೀಟರ್, ಅಗಲ 150, ಮರಗಳ ಎತ್ತರ 15 ಮೀಟರ್ ಹತ್ತಿರ. ಸೋಗೆ ಹಳದಿಗೆ ತಿರುಗಿರುವ ಮರ ಎಲ್ಲೆಲ್ಲಿವೆ ಎಂದು ಮೇಲಿನಿಂದ ಫೋಟೊ ತೆಗೆಯುವುದಷ್ಟೇ ಕೆಲಸ. ಡ್ರೋನ್ 249 ಗ್ರಾಮಿನ ಮಡಚುವ ಮಾದರಿ, 2.4 ಮತ್ತು 5.8 ಗಿಗಾಹರ್ಟ್ಸ್ ಎರಡರಲ್ಲೂ ನಡೆಯುತ್ತದೆ, ರಿಮೋಟಿಗೆ ಎರಡು ಆಂಟೆನಾ.

ತೋಟದ ಒಂದು ತುದಿಯಲ್ಲಿರುವ ಪಂಪ್‌ಸೆಟ್ ಮನೆ ಪಕ್ಕ ನಿಂತು 40 ಮೀಟರ್ ಎತ್ತರದಲ್ಲಿ ಹಾರಿಸಿದರೆ 400 ಮೀಟರ್ ಆಸುಪಾಸಿನಲ್ಲಿ ವಿಡಿಯೊ ತುಂಡುತುಂಡಾಗಿ ಬಂದು ನಿಂತೇ ಹೋಗುತ್ತದೆ. ಮಳೆ ಬಂದ ಮರುದಿನ ಇನ್ನೂ ಬೇಗ. ಅದೇ ಡ್ರೋನ್ ಬಯಲಿನಲ್ಲಿ ಯಾವ ತಕರಾರೂ ಮಾಡುವುದಿಲ್ಲ.

ಅಂಗಡಿಯಲ್ಲಿ 2.4 ಗಿಗಾಹರ್ಟ್ಸ್, 4 ವಾಟ್, 12 ವೋಲ್ಟ್ ಬೂಸ್ಟರ್ ತೋರಿಸುತ್ತಿದ್ದಾರೆ. ರಿಮೋಟ್ ಬಿಚ್ಚಿ, ಒಳಗಿನ ಆಂಟೆನಾ ತಂತಿ ತೆಗೆದು, ಪಿಗ್‌ಟೇಲ್ (ಕನೆಕ್ಟರ್ ಇರುವ ತುಂಡು ತಂತಿ) ಹಾಕಿ ಜೋಡಿಸಬೇಕಂತೆ. ಹಾಕಿದರೆ ತೋಟ ಪೂರ್ತಿ ಸಿಗುತ್ತದಾ? ಬಲ್ಲವರು ತಿಳಿಸಿ.

ಕೋಟೆ ಆಂಟೆನಾ, ಚಿತ್ರದುರ್ಗ:

ಸರ್, ದಯವಿಟ್ಟು ಬೂಸ್ಟರಿಗೆ ದುಡ್ಡು ಹಾಕಬೇಡಿ. ನಿಮ್ಮ ಡ್ರೋನಿಗೆ ಶಕ್ತಿ ಕಡಿಮೆಯಾಗಿಲ್ಲ, ಸಿಗ್ನಲ್ ಅಡಿಕೆ ಸೋಗೆಯೊಳಗೆ ನುಗ್ಗಿ ಹೋಗುತ್ತಿದೆ. ಬಯಲಿನಲ್ಲಿ ಸರಿಯಿದೆ, ಮಳೆಯ ಮರುದಿನ ಇನ್ನೂ ಕೆಡುತ್ತದೆ ಎಂದು ನೀವೇ ಬರೆದಿದ್ದೀರಿ, ರೋಗ ಅಲ್ಲೇ ಗೊತ್ತಾಗುತ್ತದೆ. ಎಲೆಯ ಒಳಗಿನ ನೀರು, ಎಲೆ ಮೇಲಿನ ನೀರು ಎರಡೂ ಈ ತರಂಗಗಳನ್ನು ಹೀರುತ್ತವೆ.

ಲೆಕ್ಕ ನೋಡಿ. ಮರಗಿಡಗಳ ನಡುವೆ ಸಿಗ್ನಲ್ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ವೈಸ್‌ಬರ್ಗರ್ ಸೂತ್ರ ಅಂತ ಒಂದಿದೆ. ಅದರ ಪ್ರಕಾರ 50 ಮೀಟರ್ ದಪ್ಪದ ಎಲೆ ರಾಶಿ ದಾಟುವಾಗ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 17 ಡಿಬಿ (ಡೆಸಿಬಲ್, ಸಿಗ್ನಲ್ ಎಷ್ಟು ಏರಿತು ಇಳಿಯಿತು ಎಂಬುದರ ಅಳತೆ), 5.8ರಲ್ಲಿ ಸುಮಾರು 22 ಡಿಬಿ ನಷ್ಟ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡಿಬಿ ಹೋಗುತ್ತದೆ, ಹಾಗಾಗಿ 17 ಡಿಬಿ ಎಂದರೆ ದೂರ ಏಳನೇ ಒಂದು ಪಾಲಿಗೆ ಇಳಿದಂತೆ. ಬಯಲಿನಲ್ಲಿ 3 ಕಿಲೋಮೀಟರ್ ಹೋಗುವ ಲಿಂಕ್ ಇಲ್ಲಿ 400 ಮೀಟರ್ ಚಿಲ್ಲರೆಗೆ ನಿಲ್ಲುತ್ತದೆ. ನಿಮಗೆ ಆಗುತ್ತಿರುವುದು ಇದೇ.

ಈಗ ನಿಲ್ಲುವ ಜಾಗ. ರಿಮೋಟ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಮರದ ತಲೆ ಅದಕ್ಕಿಂತ 13.5 ಮೀಟರ್ ಮೇಲೆ. ಡ್ರೋನ್ 600 ಮೀಟರ್ ದೂರ, 40 ಮೀಟರ್ ಎತ್ತರದಲ್ಲಿದ್ದರೆ ನೋಟದ ಗೆರೆ ಮರದ ತಲೆ ಮೇಲೆ ಹಾಯಬೇಕಾದರೆ ನೀವು ಮೊದಲ ಮರದಿಂದ 210 ಮೀಟರ್ ಹಿಂದೆ ನಿಂತಿರಬೇಕು. ಪಂಪ್‌ಸೆಟ್ ಮನೆ ಪಕ್ಕ ಅಷ್ಟು ಜಾಗ ಎಲ್ಲಿಂದ ಬರಬೇಕು?

ಅದರ ಬದಲು ತೋಟದ ಉದ್ದನೆಯ ಬದಿಗೆ ಬನ್ನಿ. ಪಕ್ಕದಲ್ಲಿ ಮೆಕ್ಕೆಜೋಳದ ಹೊಲವೋ ನಾಲೆ ಏರಿಯೋ ಇದ್ದರೆ ಮರಗಳಿಂದ 60 ಮೀಟರ್ ಈಚೆ, ಉದ್ದದ ನಡುಭಾಗಕ್ಕೆ ನಿಂತು ಎತ್ತರ 80 ಮೀಟರಿಗೆ ಏರಿಸಿ. ದೂರದ ಮೂಲೆ ಆಗ 408 ಮೀಟರ್. ಆ ಮೂಲೆಯ ಕಡೆ ನೋಡುವಾಗ ಮೊದಲ ಮರದಿಂದ 70 ಮೀಟರ್ ಅಂತರ ಸಾಕು, ನಿಮಗೆ 117 ಮೀಟರ್ ಸಿಗುತ್ತದೆ. ಸೋಗೆ ಎಲ್ಲೂ ಅಡ್ಡ ಬರುವುದಿಲ್ಲ. ಇನ್ನೂ ಒಳ್ಳೆಯದೆಂದರೆ ತೋಟವನ್ನು ಎರಡು ಭಾಗ ಮಾಡಿ ಎರಡು ಕಡೆ ನಿಲ್ಲುವುದು, ಭಾಗಕ್ಕೊಂದು ಬ್ಯಾಟರಿ. ದೂರದ ಮೂಲೆಯೂ 275 ಮೀಟರ್ ದಾಟುವುದಿಲ್ಲ, ಡ್ರೋನ್ ಕಣ್ಣಿಗೂ ಕಾಣುತ್ತಿರುತ್ತದೆ.

80 ಮೀಟರಿಗೆ ಏರಿದರೆ ಫೋಟೊ ಮಸುಕಾಗುತ್ತದೆ ಅನ್ನಿಸಬಹುದು. ಇಂಥ ಡ್ರೋನುಗಳ 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಎತ್ತರದಿಂದ ಮರದ ತಲೆ ಮೇಲೆ ಒಂದು ಪಿಕ್ಸೆಲ್ ಎಂದರೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಹಳದಿ ಸೋಗೆ ಗುರುತಿಸಲು ಅಷ್ಟು ಧಾರಾಳ ಸಾಕು.

ಹೊಸದುರ್ಗ ಆರ್‌ಎಫ್:

ಮೇಲಿನವರು ಹೇಳಿದ್ದು ಸರಿ. ಬೂಸ್ಟರ್ ಯಾಕೆ ಕೈಕೊಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಪ್ರಶ್ನೆ ಪದೇಪದೇ ಬರುತ್ತದೆ.

ಡ್ರೋನ್ ಲಿಂಕ್ ಎರಡು ದಾರಿಯದು. ರಿಮೋಟಿನಿಂದ ಡ್ರೋನಿಗೆ ಹೋಗುವುದು ಕಂಟ್ರೋಲ್, ಡ್ರೋನಿನಿಂದ ರಿಮೋಟಿಗೆ ಬರುವುದು ವಿಡಿಯೊ. ಕಂಟ್ರೋಲಿಗೆ ಬೇಕಾದ ಡೇಟಾ ಚೂರೇ ಚೂರು, ಅದು ದುರ್ಬಲ ಸಿಗ್ನಲಿನಲ್ಲೂ ನಡೆಯುತ್ತದೆ. ವಿಡಿಯೊ 10 ಅಥವಾ 20 ಮೆಗಾಹರ್ಟ್ಸ್ ಅಗಲ ತೆಗೆದುಕೊಳ್ಳುತ್ತದೆ, ಅದಕ್ಕೇ ಮೊದಲು ಸಾಯುವುದು ವಿಡಿಯೊ. ರಿಮೋಟಿಗೆ ಬೂಸ್ಟರ್ ಕಟ್ಟಿದರೆ ಬಲ ಬರುವುದು ಕಂಟ್ರೋಲಿಗೆ. ನಾವು ಎಷ್ಟು ಜೋರಾಗಿ ಕೂಗಿದರೂ ಆಚೆ ದಡದವನ ದನಿ ನಮಗೆ ಜೋರಾಗಿ ಕೇಳಿಸುವುದಿಲ್ಲವಲ್ಲ, ಹಾಗೆ.

ಇದರಲ್ಲಿ ಅಪಾಯವೂ ಇದೆ. ಡ್ರೋನ್ ತಾನಾಗಿ ಮನೆಗೆ ತಿರುಗುವುದು ಕಂಟ್ರೋಲ್ ಸಿಗ್ನಲ್ ಕಡಿದಾಗ. ಬೂಸ್ಟರ್ ಹಾಕಿದ ಮೇಲೆ ವಿಡಿಯೊ ಸತ್ತರೂ ಕಂಟ್ರೋಲ್ ಜೀವಂತ ಇರುತ್ತದೆ, ಸಿಗ್ನಲ್ ಹೋಯಿತೆಂದು ಡ್ರೋನ್ ತಿರುಗುವುದಿಲ್ಲ. ನೀವು ಕಪ್ಪು ಪರದೆ ನೋಡುತ್ತಾ ಸ್ಟಿಕ್ ಅಲ್ಲಾಡಿಸುತ್ತಿರುತ್ತೀರಿ, ಅದು ಅಲ್ಲಿ ಬ್ಯಾಟರಿ ತಿನ್ನುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ರಿಟರ್ನ್ ಬಟನ್ ಕೈಯಾರೆ ಒತ್ತಲೇಬೇಕು.

ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ, ಒಳಗೆ ರಿಸೀವ್ ಆಂಪ್ಲಿಫೈಯರ್ ಕೂಡ ಇದೆ ಎಂದು ಅಂಗಡಿಯವರು ಹೇಳಬಹುದು. ಇದೆ, ನಿಜ. ಆದರೆ ಬಹಳ ಬೂಸ್ಟರುಗಳು ಒಳಕ್ಕೆ 20 ಡಿಬಿಎಂ, ಅಂದರೆ 100 ಮಿಲಿವಾಟ್ ಮಾತ್ರ ತಡೆಯುತ್ತವೆ. ರಿಮೋಟ್ 26 ಡಿಬಿಎಂ, ಅಂದರೆ 400 ಮಿಲಿವಾಟ್ ಕೊಡುವಂಥದ್ದಾದರೆ ನೇರ ಕೊಟ್ಟ ತಕ್ಷಣ ಸಿಗ್ನಲ್ ವಿಕಾರವಾಗುತ್ತದೆ, ಇಲ್ಲವೇ ಒಳಗಿನ ಚಿಪ್ ಸುಡುತ್ತದೆ. ಅದಕ್ಕೆ ನಡುವೆ 10 ಡಿಬಿ ಅಟೆನ್ಯುವೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಹಾಕುತ್ತಾರೆ. ಆ ಅಟೆನ್ಯುವೇಟರ್ ಬರುವ ಸಿಗ್ನಲನ್ನೂ 10 ಡಿಬಿ ತಗ್ಗಿಸುತ್ತದೆ. ಬೂಸ್ಟರಿನ ರಿಸೀವ್ ಗೇನ್ (ಬರುವ ಸಿಗ್ನಲನ್ನು ಹೆಚ್ಚಿಸುವ ಪ್ರಮಾಣ) 12 ಡಿಬಿ, ನಾಯ್ಸ್ ಫಿಗರ್ (ಉಪಕರಣ ತಾನೇ ಸೇರಿಸುವ ಗದ್ದಲದ ಅಳತೆ) 2.5 ಡಿಬಿ, ರಿಮೋಟಿನದು 6 ಡಿಬಿ ಎಂದು ಹಿಡಿದು ಸರಪಳಿ ಲೆಕ್ಕ ಹಾಕಿದರೆ ಒಟ್ಟು ನಾಯ್ಸ್ ಫಿಗರ್ 6.3 ಡಿಬಿ ಬರುತ್ತದೆ. ಮೊದಲಿಗಿಂತ ಕೂದಲೆಳೆಯಷ್ಟು ಕೆಟ್ಟದ್ದು! ದುಡ್ಡು ಕೊಟ್ಟು ಬಿಸಿಯಾಗುವ ಡಬ್ಬ ತಂದು ವಿಡಿಯೊ ಇದ್ದಲ್ಲೇ ಉಳಿಯುತ್ತದೆ.

ಇನ್ನು ಡಬ್ಬದ ಮೇಲಿನ ವಾಟ್. ಅದು ಆಂಪ್ಲಿಫೈಯರ್ ತುಂಬಿ ತುಳುಕುವ ಹಂತದ ಅಂಕಿ. ಡ್ರೋನುಗಳು ಬಳಸುವ ಒಎಫ್‌ಡಿಎಂ (ಡೇಟಾವನ್ನು ಹಲವು ಸಣ್ಣ ತರಂಗಗಳಿಗೆ ಹಂಚಿ ಕಳಿಸುವ ವಿಧಾನ) ಸಿಗ್ನಲಿನಲ್ಲಿ ಸರಾಸರಿಗಿಂತ ತುದಿಗಳು ತುಂಬಾ ಎತ್ತರ, ಆ ತುದಿಗಳು ಚಪ್ಪಟೆಯಾಗದಂತೆ ನಡೆಸಲು 6ರಿಂದ 10 ಡಿಬಿ ಕೆಳಗೆ ಇಳಿಸಿಕೊಳ್ಳಬೇಕು. 4 ವಾಟ್ ಎಂದರೆ 36 ಡಿಬಿಎಂ, 8 ಡಿಬಿ ಇಳಿಸಿದರೆ 28. ನಿಮ್ಮ ರಿಮೋಟ್ 26 ಕೊಡುವಂಥದ್ದಾದರೆ ಲಾಭ ಬರೀ 2 ಡಿಬಿ.

ಇನ್ನೆರಡು ಮಾತು. ಬೂಸ್ಟರ್ 2.4ರದ್ದು, ಡ್ರೋನ್ ತಾನಾಗಿ 5.8ಕ್ಕೆ ಹಾರಿದರೆ ಆ ಸಿಗ್ನಲಿಗೆ ಬೂಸ್ಟರೇ ಗೋಡೆ. ಎರಡು ಆಂಟೆನಾದ ರಿಮೋಟಿಗೆ ಎರಡು ಬೂಸ್ಟರ್ ಬೇಕು, ಒಂದಕ್ಕೆ ಮಾತ್ರ ಹಾಕಿದರೆ ಎರಡರ ತಾಳಮೇಳ ತಪ್ಪುತ್ತದೆ. ಆಂಟೆನಾ ಇಲ್ಲದೆ ಕರೆಂಟ್ ಕೊಟ್ಟರಂತೂ ಔಟ್‌ಪುಟ್ ಹಂತ ಹೋಯಿತೆಂದೇ ಲೆಕ್ಕ.

ಸೂಳೆಕೆರೆ ಸೀಮೆ:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಇಬ್ಬರಿಗೂ ಧನ್ಯವಾದ. ಬೂಸ್ಟರ್ ಬೇಡ ಎಂದಾಯಿತು. ತೋಟದ ಪೂರ್ವ ಬದಿಗೆ ಮೆಕ್ಕೆಜೋಳದ ಹೊಲ ಇದೆ, ನಿಲ್ಲಲು ತೊಂದರೆಯಿಲ್ಲ. ಆದರೆ ಪಕ್ಕದವರ ತೋಟಕ್ಕೆ ಅಂಥ ಬಯಲು ಇಲ್ಲ. ಆಂಟೆನಾ ಬದಲಿಸಿದರೆ ಏನಾದರೂ ಪ್ರಯೋಜನ ಉಂಟಾ? ತಗಡಿನ ರಿಫ್ಲೆಕ್ಟರ್ ಸಿಕ್ಕಿಸುವುದನ್ನೂ ನೋಡಿದ್ದೇನೆ.

ಭದ್ರಾ ನಾಲೆ, ದಾವಣಗೆರೆ:

ಉಂಟು. ಆಂಟೆನಾ ಗೇನ್, ಅಂದರೆ ಸಿಗ್ನಲನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಬಲ, ಹೋಗುವ ಸಿಗ್ನಲಿಗೂ ಬರುವ ಸಿಗ್ನಲಿಗೂ ಒಟ್ಟಿಗೇ ಸಿಗುತ್ತದೆ. ಬೂಸ್ಟರಿಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಬೇರೆಡೆಯ ಗದ್ದಲವನ್ನೂ ತಗ್ಗಿಸುತ್ತದೆ. ದಾವಣಗೆರೆ ಊರೊಳಗೆ ಮನೆಗೊಂದು ವೈಫೈ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ, ಅಲ್ಲಿ ರಿಮೋಟಿನ ಕಿವಿಗೇ ಗದ್ದಲ ತುಂಬಿರುತ್ತದೆ, ಪವರ್ ಹೆಚ್ಚಿಸಿ ಫಲವಿಲ್ಲ.

ಮೊದಲು ಖರ್ಚಿಲ್ಲದ್ದು. ರಿಮೋಟಿನ ಎರಡೂ ಆಂಟೆನಾ ಒಂದಕ್ಕೊಂದು ಸಮಾನಾಂತರವಾಗಿ, ಚಪ್ಪಟೆ ಮುಖ ಡ್ರೋನ್ ಕಡೆಗೆ ಇರಲಿ. ತುದಿಯನ್ನು ಬಂದೂಕಿನ ನಳಿಗೆಯಂತೆ ಡ್ರೋನಿಗೆ ಗುರಿಯಿಡುವವರು ಬಹಳ ಜನ, ಆದರೆ ತುದಿಯ ದಿಕ್ಕಿನಲ್ಲೇ ಸಿಗ್ನಲ್ ಅತಿ ಕಡಿಮೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ, ಬ್ಲೂಟೂತ್ ಆರಿಸಿ. ಆ್ಯಪಿನಲ್ಲಿ ಬ್ಯಾಂಡ್ ಆಯ್ಕೆ ಇದ್ದರೆ ಆಟೊ ಬಿಟ್ಟು 2.4ಕ್ಕೆ ಕಟ್ಟಿ. ಬಯಲಿನಲ್ಲೇ ಅದು 5.8ಕ್ಕಿಂತ ಏಳೂವರೆ ಡಿಬಿ ಲಾಭ, ತೋಟದ ಮೇಲೆ ಇನ್ನೂ ಹೆಚ್ಚು. ಊರೊಳಗೆ ಮಾತ್ರ ಇದನ್ನು ತಿರುಗಿಸಿ, 5.8 ಪರವಾಗಿಲ್ಲ.

ತಗಡಿನ ರಿಫ್ಲೆಕ್ಟರಿನಿಂದ 3 ಡಿಬಿ ಸಿಕ್ಕರೆ ಹೆಚ್ಚು, ದೂರಕ್ಕೆ ಹೇಳಿದರೆ 1.4 ಪಟ್ಟು. ರಿಮೋಟ್ ಬಿಚ್ಚುವ ಹಾಗಿಲ್ಲದವರಿಗೆ ಅಷ್ಟೇ ದಾರಿ.

ಬಿಚ್ಚಲು ಸಿದ್ಧವಿದ್ದರೆ, ವಾರಂಟಿ ಹೋಗುತ್ತದೆ ಎಂಬುದನ್ನು ಒಪ್ಪಿಕೊಂಡರೆ, 8 ಡಿಬಿಐ (ಆಂಟೆನಾ ಗೇನಿನ ಅಳತೆ) ಪ್ಯಾಚ್ ಆಂಟೆನಾ, ಅಂದರೆ ಒಂದೇ ಕಡೆಗೆ ಕೆಲಸ ಮಾಡುವ ಚಪ್ಪಟೆ ಆಂಟೆನಾ, ಎರಡು ತನ್ನಿ. ಮೂಲ ಆಂಟೆನಾ 2 ಡಿಬಿಐ ಇದ್ದರೆ 6 ಡಿಬಿ ಲಾಭ, ದೂರ ಎರಡು ಪಟ್ಟು, ಎರಡೂ ದಿಕ್ಕಿಗೆ. ಇನ್ನೂ ಹೆಚ್ಚು ಗೇನಿನ ಯಾಗಿ ಆಂಟೆನಾ ಬೇಡ, ಅದರ ಕಿರಣ ಕಿರಿದು, ಡ್ರೋನ್ ಪಕ್ಕಕ್ಕೆ ಸರಿದರೆ ಲಿಂಕ್ ಹೋಗುತ್ತದೆ. ಪ್ಯಾಚ್ ಆದರೆ 70 ಡಿಗ್ರಿ ಹತ್ತಿರ ಅಗಲ ಹಿಡಿಯುತ್ತದೆ. ಎರಡನ್ನೂ ಟ್ರೈಪಾಡ್ ಮೇಲೆ ಲಂಬ ಪೋಲರೈಸೇಶನ್ನಿಗೆ (ತರಂಗದ ಕಂಪನ ಮೇಲೆ-ಕೆಳಗೆ ಇರುವಂತೆ) ಕೂರಿಸಿ. ಅಡ್ಡ ಕೂರಿಸಿದರೆ 20 ಡಿಬಿವರೆಗೂ ಕಳೆದುಕೊಳ್ಳಬಹುದು, ಆಗ ಹಾಕಿದ್ದಕ್ಕಿಂತ ಹಾಕದಿದ್ದದ್ದೇ ಲೇಸು.

ಕೇಬಲಿನಲ್ಲಿ ಜುಗ್ಗತನ ಬೇಡ. ಆರ್‌ಜಿ-316 ತೆಳು ಕೇಬಲ್ 2.4ರಲ್ಲಿ ಮೀಟರಿಗೆ ಒಂದೂವರೆ ಡಿಬಿಗೂ ಹೆಚ್ಚು ತಿನ್ನುತ್ತದೆ, 30 ಸೆಂಟಿಮೀಟರ್ ಮೀರದಿರಲಿ. ಉದ್ದ ಬೇಕೇ ಬೇಕೆಂದರೆ ಎಲ್‌ಎಂಆರ್-200, ಅದರಲ್ಲಿ ಮೀಟರಿಗೆ ಅರ್ಧ ಡಿಬಿಗಿಂತ ತುಸು ಹೆಚ್ಚು. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರುಗಳ ಗಲಿಬಿಲಿ ಮಾಡಿಕೊಳ್ಳಬೇಡಿ. ಎರಡರ ಹುರಿಯೂ ಒಂದೇ, ತಿರುಗಿಸಿದರೆ ಕೂತುಬಿಡುತ್ತದೆ, ಆದರೆ ಒಳಗೆ ಸೂಜಿಗೆ ಸೂಜಿ ತಾಗಿ ಬಾಗುತ್ತದೆ ಅಥವಾ ಎರಡು ಕಡೆಯೂ ತೂತೇ ಇದ್ದು ಏನೂ ತಾಗುವುದಿಲ್ಲ. ಕೊಳ್ಳುವಾಗ ನಡುವಿನ ಸೂಜಿ ಕಣ್ಣಾರೆ ನೋಡಿ. ಬೋರ್ಡ್ ಮೇಲಿನ ಐಪೆಕ್ಸ್ ಎಂಬ ಚಿಕ್ಕ ಒತ್ತು ಕನೆಕ್ಟರನ್ನು ಸುಮಾರು 30 ಸಲ ತೆಗೆದು ಹಾಕುವುದಕ್ಕಷ್ಟೇ ಮಾಡಿರುತ್ತಾರೆ. ಓರೆಯಾಗಿ ಎಳೆದರೆ ಪ್ಯಾಡೇ ಕಿತ್ತು ಬರುತ್ತದೆ, ನೆಟ್ಟಗೆ ಮೇಲಕ್ಕೆ ಎತ್ತಿ.

ಕಾನೂನಿನ ಪವರ್ ಮಿತಿಯ ಲೆಕ್ಕದಲ್ಲೂ ಈ ಪ್ಯಾಚ್ ಒಳಗೇ ಇದೆ. 2.4 ಬ್ಯಾಂಡಿನಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು 2005ರ ಅಧಿಸೂಚನೆಯ ಮಿತಿ 1 ವಾಟ್ ಔಟ್‌ಪುಟ್, ಆಂಟೆನಾ ಗೇನ್ ಸೇರಿ 4 ವಾಟ್ ಇಐಆರ್‌ಪಿ, ಅಂದರೆ 36 ಡಿಬಿಎಂ. 26 ಡಿಬಿಎಂ ರಿಮೋಟ್, 8 ಡಿಬಿಐ ಪ್ಯಾಚ್ ಸೇರಿ 34. ಅದೇ 4 ವಾಟ್ ಬೂಸ್ಟರಿನ ಔಟ್‌ಪುಟ್ಟೇ ಮಿತಿಯ ನಾಲ್ಕು ಪಟ್ಟು, ಅದಕ್ಕೆ ಈ ಪ್ಯಾಚ್ ಕಟ್ಟಿದರೆ 44 ಡಿಬಿಎಂ, 25 ವಾಟ್ ಇಐಆರ್‌ಪಿ. ಸುತ್ತಲಿನ ವೈಫೈ ಎಲ್ಲ ಕೆಡಿಸುವಷ್ಟು.

ಕೋಟೆ ಆಂಟೆನಾ, ಚಿತ್ರದುರ್ಗ:

ಒಂದು ಸೇರಿಸುತ್ತೇನೆ. ಪ್ಯಾಚ್ ಹಾಕಿದರೂ ಸೋಗೆಯ 17 ಡಿಬಿ ಹಾಗೇ ಇರುತ್ತದೆ, 6 ಸಿಕ್ಕರೂ 11 ಬಾಕಿ. ಬಯಲಿಲ್ಲದ ತೋಟಕ್ಕೆ ಪಂಪ್‌ಸೆಟ್ ಮನೆಯ ತಾರಸಿ ಹತ್ತಿ, ಎತ್ತರ 100 ಮೀಟರಿಗೆ ಏರಿಸಿ, ಅದರ ಮೇಲೆ ಪ್ಯಾಚ್. ಮೂರೂ ಸೇರಿದರೆ ಕೆಲಸ ಆಗುತ್ತದೆ. ಹಸಿರು ವಲಯದಲ್ಲಿ (ಮೊದಲೇ ಅನುಮತಿ ಬೇಡದ ಆಕಾಶದಲ್ಲಿ) 120 ಮೀಟರ್ ಮೀರುವ ಹಾಗಿಲ್ಲ, ಹಾರಿಸುವ ಮುನ್ನ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿಕೊಳ್ಳಿ.

ರಿಟರ್ನ್ ಎತ್ತರವನ್ನು ದಾರಿಯಲ್ಲಿರುವ ಅತಿ ಎತ್ತರದ ಮರ, ಟವರ್, ಹೈಟೆನ್ಶನ್ ತಂತಿಗಿಂತ ಕನಿಷ್ಠ 20 ಮೀಟರ್ ಮೇಲಿಡಿ. ತೋಟಕ್ಕೆ 60 ಮೀಟರ್ ಸಾಕು. ಚಿತ್ರದುರ್ಗದ ಗುಡ್ಡಗಳ ಕಡೆ ಹಾರಿಸುವವರು ಮಾತ್ರ ಎಚ್ಚರ, ಗಾಳಿಯಂತ್ರದ ರೆಕ್ಕೆ ತುದಿ 100 ಮೀಟರ್ ದಾಟುತ್ತದೆ, ತಾನಾಗಿ ಮನೆಗೆ ಬರುವ ಸಣ್ಣ ಡ್ರೋನ್ ತಿರುಗುವ ರೆಕ್ಕೆಯನ್ನು ನೋಡಿ ತಪ್ಪಿಸಿಕೊಳ್ಳುತ್ತದೆ ಎಂದು ನಂಬುವ ಹಾಗಿಲ್ಲ. ಅಲ್ಲಿ ಗಾಳಿಯಂತ್ರಗಳ ಸಾಲು ನಿಮಗೂ ಡ್ರೋನಿಗೂ ನಡುವೆ ಬರದಂತೆ ನಿಲ್ಲಬೇಕು. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಅಲ್ಲಿ ಹಾರಿಸುವಂತಿಲ್ಲ. ಚಳ್ಳಕೆರೆ ತಾಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇದೆ, ಆ ಕಡೆ ನಕ್ಷೆ ನೋಡದೆ ಡ್ರೋನ್ ಹೊರಗೇ ತೆಗೆಯಬೇಡಿ.

ಬ್ಯಾಟರಿ 40 ಶೇಕಡಾ ಇರುವಾಗಲೇ ತಿರುಗಿಸಿ. ಹೋಗುವಾಗ ಬೆನ್ನಿಗೆ ಬೀಸಿದ ಗಾಳಿ ಬರುವಾಗ ಎದುರಿಗೆ ನಿಲ್ಲುತ್ತದೆ, 249 ಗ್ರಾಮಿನದು ಅದರೆದುರು ಹೆಣಗಾಡುತ್ತದೆ.