ಅದು ಸುದ್ದಿ ಅಲ್ಲ, ಪ್ರಕಟಣೆ

"ನೀವು ಆವತ್ತು ರೇಡಿಯೋದಲ್ಲಿ ಓದಿದ್ದು ಕಾನೂನಿಗೆ ವಿರುದ್ಧ," ಅಂದರು ವಕೀಲರು. 2021ರ ಜುಲೈ, ಕೋವಿಡ್ ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳು. ಹೇಳುವ ಮೊದಲು ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ತೂಕದ ಮಾತು ಆಡಬೇಕಾದಾಗಲೆಲ್ಲ ಅವರು ಹಾಗೆ ಇಳಿಸುತ್ತಿದ್ದರು, ಹಾಗಾಗಿ ಸೋಂಕಿನ ಅಪಾಯ ಅವರ ತೂಕದ ಮಾತುಗಳಿಂದಲೇ ಜಾಸ್ತಿ ಇತ್ತು.

ರೇಡಿಯೋ ಅಕ್ಕ ಜಗ್ಗಲಿಲ್ಲ. ನಮ್ಮ ಕಡೆಯ ಸಮುದಾಯ ಬಾನುಲಿಯಲ್ಲಿ, ಅಂದರೆ ಊರವರೇ ಸೇರಿ ನಡೆಸುವ ಪುಟ್ಟ ರೇಡಿಯೋ ಕೇಂದ್ರದಲ್ಲಿ, ಸಂಜೆ ಹೊತ್ತು ಮಾತಾಡುವ ಈಕೆ ಸಂಬಳಕ್ಕಿಲ್ಲ, ಹಾಗಾಗಿ ಯಾರಿಗೂ ಹೆದರುವುದಿಲ್ಲ. "ಅಂಥದ್ದೇನು ಓದಿದೆ?"

"ಜುಲೈ 5ರಿಂದ ದೇವಸ್ಥಾನ ತೆಗೀತಾರೆ, ಮದುವೆಗೆ 100 ಜನ ಸೇರಬಹುದು, ರಾತ್ರಿ ಒಂಬತ್ತಕ್ಕೆ ಕರ್ಫ್ಯೂ. ಇದೆಲ್ಲ ಸುದ್ದಿ. ಸಮುದಾಯ ಬಾನುಲಿ ಸುದ್ದಿ ಓದೋ ಹಾಗಿಲ್ಲ. ಕೇಂದ್ರ ಸರ್ಕಾರದ 2006ರ ಮಾರ್ಗಸೂಚಿ ತೆಗೆದು ನೋಡಿ."

"ಅದು ಸುದ್ದಿ ಅಲ್ಲ ಸ್ವಾಮಿ, ಪ್ರಕಟಣೆ. ತಾಲ್ಲೂಕು ಆಫೀಸಿಂದ ಕೊಟ್ಟಿದ್ದು, ನಾನು ಓದಿದ್ದು."

ನಾವು ಕೂತಿದ್ದು ಟೈಲರ್ ಅಂಗಡಿಯ ಬೆಂಚಿನ ಮೇಲೆ. ಲಾಕ್‌ಡೌನ್ ಶುರುವಾದಾಗಿನಿಂದ ಖಾಲಿ ಬಿದ್ದಿದ್ದ ಬೆಂಚು. ಟೈಲರ್ ಮಿಷನ್ ತುಳಿಯುವುದು ನಿಲ್ಲಿಸಿ ಕೇಳಿದ, "ಎರಡಕ್ಕೂ ಏನ್ ವ್ಯತ್ಯಾಸ?"

ವಕೀಲರಿಗೆ ಬೇಕಾಗಿದ್ದೂ ಅದೇ ಪ್ರಶ್ನೆ. ಈ ದೇಶದಲ್ಲಿ ರೇಡಿಯೋದಲ್ಲಿ ಸುದ್ದಿ ಹೇಳುವ ಅಧಿಕಾರ ಆಕಾಶವಾಣಿಗೆ ಮಾತ್ರ. ಖಾಸಗಿ ಎಫ್‌ಎಂ ಆಗಲಿ, ಸಮುದಾಯ ಬಾನುಲಿ ಆಗಲಿ, ತಾವೇ ಸುದ್ದಿ ತಯಾರಿಸಿ ಹೇಳುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಬೇಕಾದರೆ ಮರುಪ್ರಸಾರ ಮಾಡಬಹುದು, ಒಂದು ಅಕ್ಷರ ಅತ್ತಿತ್ತ ಆಗಬಾರದು.

"ಅಂದ್ರೆ ರೆಡಿಮೇಡ್," ಅಂದ ಟೈಲರ್. "ಉದ್ದ ಆದ್ರೂ ಮಡಚಂಗಿಲ್ಲ, ಬಿಗಿ ಆದ್ರೂ ಬಿಡ್ಸಂಗಿಲ್ಲ."

"ಸರಿಯಾಗಿ ಹೇಳ್ದೆ. ಆದ್ರೆ ಸರ್ಕಾರ ದಯೆ ತೋರಿಸಿ ಒಂದು ಪಟ್ಟಿ ಕೊಟ್ಟಿದೆ. ಈ ಪಟ್ಟೀಲಿರೋದು ಸುದ್ದಿ ಅಲ್ಲ, ಧಾರಾಳವಾಗಿ ಹೇಳ್ಕೊಳ್ಳಿ ಅಂತ. ಆಟೋಟ, ಹವಾಮಾನ, ಟ್ರಾಫಿಕ್ಕು, ಹಬ್ಬ ಹರಿದಿನ, ಪರೀಕ್ಷೆ, ಫಲಿತಾಂಶ, ಕಾಲೇಜು ಸೀಟು, ಕೆಲಸ ಖಾಲಿ ಇದೆಯಾ ಇಲ್ವಾ, ಕರೆಂಟು, ನೀರು, ನೆರೆ, ಆರೋಗ್ಯದ ಎಚ್ಚರಿಕೆ."

ಮೇಷ್ಟ್ರು ನಿವೃತ್ತರಾಗಿ ವರ್ಷಗಳಾದರೂ ಬೆರಳು ಮಡಚಿ ಎಣಿಸುವ ಅಭ್ಯಾಸ ಬಿಟ್ಟಿಲ್ಲ. ಎರಡೂ ಕೈಯ ಬೆರಳು ಮುಗಿದ ಮೇಲೆ ಕೇಳಿದರು: "ಕರೆಂಟು ಹೋಗೋದು, ನೀರು ಬರದೇ ಇರೋದು, ಮಗನಿಗೆ ಕೆಲಸ ಸಿಗದೇ ಇರೋದು, ಮೈಗೆ ಹುಷಾರಿಲ್ಲದೇ ಇರೋದು, ಇದ್ಯಾವ್ದೂ ಸುದ್ದಿ ಅಲ್ವಾ? ಮತ್ತೆ ಯಾವ್ದ್ರೀ ಸುದ್ದಿ?"

"ಇದೆಲ್ಲ ಬಿಟ್ಟು ಉಳಿದಿದ್ದು."

"ಉಳಿದಿದ್ದು ಏನಿದೆ?"

ವಕೀಲರು ಯೋಚಿಸಿದರು. "ಬೆಂಗಳೂರಲ್ಲಿ ಮುಖ್ಯಮಂತ್ರಿ ಇರ್ತಾರಾ, ಹೋಗ್ತಾರಾ."

ಆ ದಿನಗಳಲ್ಲಿ ಟಿವಿ ಹಚ್ಚಿದರೆ ಅದೊಂದೇ ಇತ್ತು, ಜೊತೆಗೆ ಕೆಂಪು ಅಕ್ಷರದ ಮೂರನೇ ಅಲೆ. ಮೇಷ್ಟ್ರು ಅಟ್ಟದ ಮೇಲಿದ್ದ ರೇಡಿಯೋ ಇಳಿಸಿ ಸೆಲ್ಲು ಹಾಕಿದ್ದೇ ಟಿವಿಯ ಕಾಟ ತಾಳಲಾರದೆ. ಟಿವಿ ಜಗತ್ತು ಮುಳುಗುತ್ತೆ ಅನ್ನುವ ಹೊತ್ತಿಗೆ ಅಕ್ಕ "ನಾಳೆ ಬೆಳಿಗ್ಗೆ ಮೇಲಿನ ಬೀದಿಗೆ ನೀರು ಬಿಡ್ತಾರೆ" ಅನ್ನುತ್ತಿದ್ದಳು. ಮುಳುಗುವ ಮೊದಲು ಎರಡು ಕೊಡ ಹಿಡಿದಿಟ್ಟುಕೊಳ್ಳಬಹುದಲ್ಲ.

"ನಿಮಗೆ ನಗು," ಅಂದಳು ಅಕ್ಕ. "ನನ್ನ ಪಾಡು ಕೇಳಿ. ಲಸಿಕೆ ಶಿಬಿರ ಇದೆ ಅಂದ್ರೆ ಪ್ರಕಟಣೆ. ಹತ್ತು ಗಂಟೆಗೇ ಲಸಿಕೆ ಮುಗಿದು ಅರ್ಧ ಜನ ಬೈಕೊಂಡು ವಾಪಸ್ ಹೋದ್ರು ಅಂದ್ರೆ ಸುದ್ದಿ. ಮೊದಲನೇದು ಓದ್ಬಹುದು, ಎರಡನೇದು ಓದ್ಬಾರ್ದು. ಜನ ಫೋನ್ ಮಾಡಿ ಬೈತಿದ್ದಿದ್ದು ಮಾತ್ರ ನನಗೆ."

"ಮತ್ತೆ ಏನ್ ಮಾಡ್ತಿದ್ರಿ?"

"ಲಸಿಕೆ ಮುಗಿದ ದಿನ ತಾಳ್ಮೆ ಮೇಲೊಂದು ದೇವರನಾಮ ಹಾಕ್ತಿದ್ದೆ. ಒಂದು ವಾರದಲ್ಲಿ ಜನಕ್ಕೆ ಅರ್ಥ ಆಯ್ತು. ಆ ಹಾಡು ಬಂದ್ರೆ ಯಾರೂ ಮನೆಯಿಂದ ಹೊರಡ್ತಿರ್ಲಿಲ್ಲ. ಒಂದು ದಿನ ಲಸಿಕೆ ಇತ್ತು, ಸುಮ್ನೆ ಚೆನ್ನಾಗಿದೆ ಅಂತ ಆ ಹಾಡು ಹಾಕ್ಬಿಟ್ಟೆ. ಶಿಬಿರಕ್ಕೆ ನರಪಿಳ್ಳೆ ಬರ್ಲಿಲ್ಲ. ನರ್ಸಮ್ಮನೇ ಫೋನ್ ಮಾಡಿ, ಹಾಡು ಬದಲಾಯಿಸಿ ಅಂದ್ರು."

ಇದನ್ನು ನಾನು ನಂಬಿದೆ. ಕೋವಿನ್‌ನಲ್ಲಿ ಓಟಿಪಿ ಬರುವಷ್ಟರಲ್ಲಿ ಸ್ಲಾಟು ಮಾಯವಾಗುತ್ತಿದ್ದ ಕಾಲ ಅದು. ಹಾಡಿನ ಮೇಲೆ ನಂಬಿಕೆ ಇಟ್ಟವರನ್ನು ಆಡಿಕೊಳ್ಳುವಂತಿಲ್ಲ.

ಮೇಷ್ಟ್ರಿಗೆ ಇತಿಹಾಸ ಉಕ್ಕಿತು. "ಇದೇ ರಾಜ್ಯದಲ್ಲಿ ಸ್ವಂತವಾಗಿ ರೇಡಿಯೋ ಶುರು ಮಾಡಿದ್ರು ಕಣ್ರೀ. 1935ರಲ್ಲಿ ಮೈಸೂರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ಪ್ರಸಾರ ಶುರು ಹಚ್ಚಿದ್ರು. ಆಕಾಶವಾಣಿ ಅನ್ನೋ ಹೆಸರು ಆ ಮನೆಯಿಂದಲೇ ದೇಶಕ್ಕೆಲ್ಲ ಹೋಗಿದ್ದು. ಅವರು ಓದಿಸ್ತಿದ್ದಿದ್ದು ಮನಶ್ಶಾಸ್ತ್ರ."

"ನೋಡಿ, ವರ್ಕ್ ಫ್ರಂ ಹೋಮೂ ನಮ್ದೇ," ಅಂದ ಟೈಲರ್. "ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಈಗ ಹೊಸದಾಗಿ ಕಂಡುಹಿಡಿದೋರ ಥರ ಆಡ್ತಾರೆ."

"ಇನ್ನೊಂದು ಕೇಳಿ. ಕೋಲಾರ ಜಿಲ್ಲೆ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು. ಅಲ್ಲಿ ನಮ್ಮ ಧ್ವನಿ ಅಂತ ಸಮುದಾಯದವರೇ ಕಾರ್ಯಕ್ರಮ ಮಾಡೋಕೆ ಶುರು ಮಾಡಿದಾಗ ಹಳ್ಳಿಯೋರಿಗೆ ರೇಡಿಯೋ ಲೈಸೆನ್ಸ್ ಕೊಡೋ ಪದ್ಧತೀನೇ ಇರ್ಲಿಲ್ಲ. ಗಾಳೀಲಿ ಹೋಗೋ ಹಾಗಿಲ್ಲ ಅಂದ್ರೆ ಬಿಡಿ ಅಂತ ಕೇಬಲ್ ಟಿವಿ ತಂತಿ ಮೇಲೇ ಧ್ವನಿ ಕಳಿಸಿದ್ರು."

"ಗಾಳಿ ಯಾರಪ್ಪಂದೂ ಅಲ್ಲ, ಸಾರ್ವಜನಿಕ ಆಸ್ತಿ," ಅಂದರು ವಕೀಲರು. "1995ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ತರಂಗಗಳು ಸಾರ್ವಜನಿಕ ಆಸ್ತಿ ಅಂತ. ಕ್ರಿಕೆಟ್ ಪ್ರಸಾರದ ಕೇಸು."

"ಸಾರ್ವಜನಿಕ ಆಸ್ತಿ ಅಂದ್ರೆ ಬೆಳಿಗ್ಗೆ ಆರರಿಂದ ಹತ್ತರ ತನಕ ತೆಗೀತಾರಾ?" ಅಂತ ಟೈಲರ್.

ಆರರಿಂದ ಹತ್ತು ಅಂದ ಕೂಡಲೇ ಎಲ್ಲರಿಗೂ ಮೇ ತಿಂಗಳು ನೆನಪಾಯಿತು. ಮೇ 10ರಿಂದ ದಿನಸಿ ಅಂಗಡಿಗೆ ಬೆಳಿಗ್ಗೆ ಆರರಿಂದ ಹತ್ತು. ಜೂನ್ 14ರಿಂದ ಮಧ್ಯಾಹ್ನ ಎರಡರ ತನಕ. ಜೂನ್ 21ರಿಂದ ಸಂಜೆ ಐದು. ಜುಲೈ 5ರಿಂದ ರಾತ್ರಿ ಒಂಬತ್ತು. ಮೇಷ್ಟ್ರ ಪ್ರಕಾರ ಹತ್ತರ ಕಾಲವೇ ಸ್ವರ್ಗ. ಮನೆಯಾಕೆ ಹಿಂದಿನ ರಾತ್ರಿಯೇ ಚೀಟಿ ಬರೆದಿಡುತ್ತಿದ್ದರು, ಒಂದು ಸಲ ಹೋಗಿ ಬಂದರೆ ಮುಗಿಯಿತು. ಎರಡಕ್ಕೆ ಏರಿದಾಗ ಚೀಟಿ ಎರಡಾಯಿತು. ಐದಕ್ಕೆ ಏರಿದಾಗ ಚೀಟಿಯೇ ನಿಂತು ಫೋನು ಶುರುವಾಯಿತು: ಅಲ್ಲೇ ಇದ್ದೀರಲ್ಲ, ಹಾಗೇ ಕರಿಬೇವು. "ಸರ್ಕಾರ ಸಡಿಲಿಸಿದ್ದು ಅಂಗಡಿಗೆ. ಬಿಗಿಯಾಗಿದ್ದು ನಾನು," ಅಂದರು.

ನಮ್ಮೂರಿರುವುದು ತುಮಕೂರು ಜಿಲ್ಲೆಯ ಅಂಚಿನಲ್ಲಿ. ಹಳ್ಳ ದಾಟಿದರೆ ಹಾಸನ ಜಿಲ್ಲೆ. ಜೂನ್ 14ಕ್ಕೆ ಸರ್ಕಾರ 19 ಜಿಲ್ಲೆ ಸಡಿಲಿಸಿ 11 ಜಿಲ್ಲೆಗೆ ಬೀಗ ಮುಂದುವರಿಸಿತು. ನಾವು ಸಡಿಲ, ಹಾಸನ ಬಿಗಿ. ಕಾಗದದ ಮೇಲೆ ಗೆರೆ ಸ್ಪಷ್ಟವಾಗಿತ್ತು. ಆದರೆ ಸಮುದಾಯ ಬಾನುಲಿಗೆ ಕೊಡುವುದು 100 ವಾಟ್ ಶಕ್ತಿ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ಹರಡುತ್ತದೆ, ಅದಕ್ಕೆ ಜಿಲ್ಲೆಯ ಗಡಿಕಲ್ಲು ಕಾಣುವುದಿಲ್ಲ.

"ನಾನು ಅಂಗಡಿ ಎರಡರ ತನಕ ಅಂದೆ," ಅಕ್ಕ ಹೇಳಿದಳು. "ಹಳ್ಳದಾಚೆಯೋರು ಕೇಳಿಸ್ಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಚೀಲ ಹಿಡ್ಕೊಂಡು ಹೊರಟಿದಾರೆ. ಪೊಲೀಸರು ಹಿಡಿದು ಕೇಳಿದ್ರೆ, ರೇಡಿಯೋದಲ್ಲಿ ಹೇಳಿದ್ರು ಸಾರ್ ಅಂದಿದಾರೆ."

"ಪೊಲೀಸರೇನಂದ್ರು?"

"ನಮ್ಮ ಜೀಪಲ್ಲಿ ಆ ಸ್ಟೇಷನ್ ಬರಲ್ಲ ಅಂದ್ರಂತೆ."

ಅದಾದ ಮೇಲೆ ಅಕ್ಕ ಪ್ರತಿ ಪ್ರಕಟಣೆಯ ಕೊನೆಗೆ "ಹಳ್ಳದ ಈಚೆಯವರಿಗೆ ಮಾತ್ರ" ಅಂತ ಸೇರಿಸತೊಡಗಿದಳು. ಹವಾಮಾನದ ಕೊನೆಗೂ ಒಂದು ದಿನ ಅಭ್ಯಾಸಬಲದಿಂದ ಸೇರಿಸಿದಳು. ಹಳ್ಳದಾಚೆ ರಾಗಿ ಒಣಗಿಸಲು ಹರವಿದವರು ಇವತ್ತಿಗೂ ಮುನಿಸಿಕೊಂಡಿದ್ದಾರೆ.

ಮಾತು ದೇವಸ್ಥಾನಕ್ಕೆ ಹೊರಳಿತು. ತೆರೆದಿದ್ದರು ನಿಜ, ದರ್ಶನ ಮಾತ್ರ, ಸೇವೆ ಇರಲಿಲ್ಲ. "ನಮ್ಮೂರಲ್ಲಿ ಪ್ರಸಾದವೂ ಇಲ್ಲ. ಈಗ ಗೊತ್ತಾಗುತ್ತೆ ನೋಡಿ ಯಾರ್ಯಾರಿಗೆ ಎಷ್ಟು ಭಕ್ತಿ ಅಂತ," ಅಂದರು ಮೇಷ್ಟ್ರು, ಮತ್ತು ತಾವಿನ್ನೂ ಹೋಗಿಲ್ಲ ಅಂತ ತಾವೇ ಸೇರಿಸಿದರು.

ಟೈಲರ್‌ನ ಮನಸ್ಸೆಲ್ಲ ಮದುವೆಯ ಮೇಲೆ. 40 ಜನರ ಮಿತಿ ಇದ್ದಾಗ ಅವನ ಅಂಗಡಿಗೆ ಬಂದದ್ದು ಮಾಸ್ಕಿನ ಆರ್ಡರು ಮಾತ್ರ. ಕೆಲವರು ರವಿಕೆ ಬಟ್ಟೆಯನ್ನೇ ತಂದು ಮಾಸ್ಕು ಹೊಲಿಸಿದರು. 100 ಅಂದ ಮೇಲೆ ಮತ್ತೆ ರವಿಕೆ ಬರತೊಡಗಿದ್ದವು. ಆದರೆ ಈ ನೂರು ಊರಿನಲ್ಲಿ ಬೇರೆಯೇ ಬೆಂಕಿ ಹಚ್ಚಿತ್ತು.

"ನಲವತ್ತಿದ್ದಾಗ ಯಾರಿಗೂ ಬೇಜಾರಿರ್ಲಿಲ್ಲ," ಅಂದ ಅವನು. "ಕರೀದಿದ್ರೆ, ಪಾಪ ಸರ್ಕಾರ ಬಿಡ್ಲಿಲ್ಲ ಅಂತಿದ್ರು. ಈಗ ನೂರು ಅಂದ್ರಲ್ಲ, ನಮ್ಮ ಓಣೀಲಿ ಒಂದು ಮದುವೆ ಇದೆ, ಪತ್ರಿಕೆ ಮೊದ್ಲೇ ನಲವತ್ತು ಹಂಚಿದ್ರು, ಈಗ ಇನ್ನೊಂದು ಅರವತ್ತು ಹಂಚ್ತಿದಾರೆ. ಸೋಮವಾರದ ಮೇಲೆ ಪತ್ರಿಕೆ ಸಿಕ್ಕಿದೋರಿಗೆಲ್ಲ ಗೊತ್ತಾಗೋಯ್ತು, ನಾವು ನಲವತ್ತರೊಳಗೆ ಇರ್ಲಿಲ್ಲ ಅಂತ."

"ನನಗೆ ಬುಧವಾರ ಬಂತು," ಅಂದರು ವಕೀಲರು ಸಣ್ಣ ದನಿಯಲ್ಲಿ.

"ನನಗೆ ಬಂದೇ ಇಲ್ಲ," ಅಂದರು ಮೇಷ್ಟ್ರು. "ಹುಡುಗನಿಗೆ ಮಗ್ಗಿ ಕಲಿಸಿದ್ದು ನಾನು. ನೂರರ ತನಕ ಎಣಿಸೋದು ಕಲಿಸಿದ್ದು ನಾನು!"

ಅಲ್ಲಿಂದ ಲೆಕ್ಕಕ್ಕೆ ಬಿದ್ದೆವು. ಪುರೋಹಿತರು ನೂರರೊಳಗೋ ಹೊರಗೋ? ಓಲಗದವರು? ಅಡಿಗೆಯವರು? ವಕೀಲರ ವಾದದ ಪ್ರಕಾರ ಉಸಿರಾಡುವ ಪ್ರತಿಯೊಬ್ಬರೂ ಲೆಕ್ಕಕ್ಕೆ, ಹಾಗಾಗಿ ಓಲಗದವರು ಊದುತ್ತಿದ್ದರೆ ಇನ್ನೂ ಗಟ್ಟಿಯಾಗಿ ಲೆಕ್ಕಕ್ಕೆ. ಅಂತ್ಯಕ್ರಿಯೆಗೆ 20 ಅಂತ ಅದೇ ಆದೇಶದಲ್ಲಿತ್ತು. ಅದರ ಲೆಕ್ಕ ಯಾರೂ ತೆಗೆಯಲಿಲ್ಲ. ಮೇ ತಿಂಗಳಲ್ಲಿ ನಾಲ್ಕು ಜನ ಕೂಡ ಸಿಗದೆ ಹೋದ ಮನೆಗಳು ನಮ್ಮೂರಲ್ಲೂ ಇವೆ. ಟೈಲರ್ ಸ್ವಲ್ಪ ಹೊತ್ತು ಮಿಷನ್ ತುಳಿದ.

"ಅಲ್ರೀ, ಸಭೆ ಸಮಾರಂಭ ಇನ್ನೂ ನಿಷೇಧ," ಅಂತ ನಾನು ನೆನಪಿಸಿದೆ. "ನಾವಿಲ್ಲಿ ಐದು ಜನ ಕೂತಿರೋದು ಏನಾಗುತ್ತೆ?"

"ಸಮಾರಂಭ ಅನ್ನಬೇಕಾದ್ರೆ ಸ್ವಾಗತ, ವಂದನಾರ್ಪಣೆ ಇರ್ಬೇಕು," ಅಂದರು ವಕೀಲರು. "ಇಲ್ಲಿ ಯಾರೂ ಯಾರಿಗೂ ವಂದಿಸಿಲ್ಲ."

ಟೈಲರ್ ಹಠಾತ್ತನೆ ಅಕ್ಕನ ಕಡೆ ತಿರುಗಿದ. "ಅಕ್ಕಾ, ನಾಳೆ ನಂದೊಂದು ಓದ್ಬಿಡಿ. ಟೈಲರ್ ಅಂಗಡಿ ತೆಗೆದಿದೆ, ರಾತ್ರಿ ಒಂಬತ್ತರ ತನಕ."

"ಅದು ಜಾಹೀರಾತು," ಅಂದರು ವಕೀಲರು ತಕ್ಷಣ. "ದುಡ್ಡು ಕಟ್ಟಬೇಕು. ಗಂಟೆಗೆ ಇಷ್ಟೇ ನಿಮಿಷ ಅಂತ ಮಿತೀನೂ ಇದೆ."

"ದುಡ್ಡಿದ್ರೆ ನಾನ್ಯಾಕೆ ನಿಮ್ಮ ಕೋಟಿಗೆ ಉಧಾರಿ ಗುಂಡಿ ಹಾಕ್ಲಿ? ಪ್ರಕಟಣೆ ಥರ ಓದ್ಲಿ. ಕೆಲಸ ಖಾಲಿ ಇದೆ ಅಂತಾದ್ರೂ."

"ಖಾಲಿ ಇದೆಯಾ?"

"ಇಲ್ಲ."

"ಹಬ್ಬದ ಲೆಕ್ಕದಲ್ಲಿ ಓದಿ," ಅಂದರು ಮೇಷ್ಟ್ರು. "ಆಷಾಢ ಕಳೆದ್ರೆ ವರಮಹಾಲಕ್ಷ್ಮಿ ಬರುತ್ತೆ, ರವಿಕೆ ಬೇಗ ಕೊಡಿ ಅಂತ."

ಅಕ್ಕ ಚೀಲದಿಂದ ಪೆನ್ನು ತೆಗೆದಳು. "ಸರಿ. ಹಬ್ಬಕ್ಕೆ ರವಿಕೆ ಹೊಲಿಸೋರು ಈಗಲೇ ಕೊಡಿ ಅಂತ ಬರ್ಕೊಂಡೆ. ಮುಂದೆ?"

ಟೈಲರ್ ಎದೆಯುಬ್ಬಿಸಿದ. "ಮುಂದೆ ಹಾಕಿ: ಹೇಳಿದ ದಿನಕ್ಕೇ ಹೊಲಿದು ಕೊಡಲಾಗುವುದು."

ಅಕ್ಕ ಅವನ ಹಿಂದೆ ಹಗ್ಗದ ಮೇಲೆ ನೇತಾಡುತ್ತಿದ್ದ, ಮೊದಲ ಲಾಕ್‌ಡೌನಿಗೂ ಮುಂಚೆ ತಾನೇ ಕೊಟ್ಟಿದ್ದ ಹಸಿರು ರವಿಕೆಯನ್ನು ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ಅದು ಸುದ್ದಿ ಕಣಪ್ಪ. ನಾವು ಓದೋ ಹಾಗಿಲ್ಲ."