ಸಹಾಯ ಬೇಕು: ಜಿಪ್ಸಿ ಎಂಜಿನ್ನಿನ ಸ್ಟ್ರೋಕ್ ಹೆಚ್ಚಿಸಲು ಕ್ರ್ಯಾಂಕ್ ಕೆಲಸ ಮತ್ತು ಪಿಸ್ಟನ್ (ಮೈಸೂರು, ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ) 75.5 ಮಿ.ಮೀ. ಕ್ರ್ಯಾಂಕ್‌ನ ರಾಡ್ ಜರ್ನಲ್‌ಗಳ (ಪಿಸ್ಟನ್ ರಾಡ್ ಕೂರುವ ದುಂಡು ಭಾಗಗಳ) ವ್ಯಾಸವನ್ನು 4 ಮಿ.ಮೀ. ಇಳಿಸಿ, ಕೇಂದ್ರವನ್ನು 2 ಮಿ.ಮೀ. ಹೊರಕ್ಕೆ ಸರಿಸಿ ಗ್ರೈಂಡ್ ಮಾಡಿಸಿದರೆ ಸ್ಟ್ರೋಕ್ 79.5 ಮಿ.ಮೀ. ಆಗಿ, ಬೋರ್ ಮುಟ್ಟದೆಯೇ ಸುಮಾರು 1368 ಸಿಸಿ ದೊರೆಯುತ್ತದೆ. ಆಗ ಪಿಸ್ಟನ್ 2 ಮಿ.ಮೀ. ಹೆಚ್ಚು ಮೇಲೇರುವುದರಿಂದ, ಪಿನ್ನಿನಿಂದ (ರಾಡನ್ನು ಪಿಸ್ಟನ್‌ಗೆ ಜೋಡಿಸುವುದು) ತಲೆಯವರೆಗಿನ ಎತ್ತರ ಅಷ್ಟು ಕಡಿಮೆ ಇರುವ ಪಿಸ್ಟನ್ ಹಾಗೂ ಸಣ್ಣ ಜರ್ನಲ್‌ಗೆ ಕೂರುವ ರಾಡ್, ಬೇರಿಂಗ್ ಬೇಕು.

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯಾಗಲಿ ಮಂಡ್ಯದಲ್ಲಾಗಲಿ ಇಂಥ ಆಫ್‌ಸೆಟ್ ಗ್ರೈಂಡಿಂಗನ್ನು, ಜರ್ನಲ್ ಅಂಚಿನ ದುಂಡು ತಿರುವು ಚೂಪಾಗದಂತೆ (ಬಿರುಕು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ) ಮಾಡಿ, ನೈಟ್ರೈಡಿಂಗ್ (ಮೇಲ್ಮೈ ಗಟ್ಟಿಗೊಳಿಸುವುದು) ಮತ್ತು ಬ್ಯಾಲೆನ್ಸಿಂಗ್ ಕೂಡ ಮಾಡಿಸಿಕೊಡುವವರಿದ್ದರೆ ದಯವಿಟ್ಟು ತಿಳಿಸಿ. ಖರ್ಚಿಗಿಂತ ಅಳತೆಯ ನಿಖರತೆಯೇ ನನಗೆ ಮುಖ್ಯ.